ಹೆಗ್ಗಣ ಮುದ್ದೂ ಅಲ್ಲ, ಹೆಗ್ಗಳಿಕೆಯೂ ಅಲ್ಲ

ತರಗತಿಗಿಂತ ಮುಂದೆ ಓಡುವ ಮಗುವಿನ ಪರವಾಗಿ ಟೀಚರ್ ಹತ್ತಿರ ಮಾತಾಡುವುದು ಹೇಗೆ?

ಕೊಚ್ಚಿಯಲ್ಲಿ 1976ರ ಮೇ 19ರಂದು ಹುಟ್ಟಿದ ಒಬ್ಬ ಹುಡುಗ ಬದುಕಿದ್ದು 2,522 ದಿನ. ಏಳನೆಯ ಹುಟ್ಟುಹಬ್ಬಕ್ಕೆ ಒಂದು ತಿಂಗಳಷ್ಟೇ ಬಾಕಿಯಿತ್ತು. 1983ರ ಏಪ್ರಿಲ್ 15ರಂದು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ಅಷ್ಟರೊಳಗೆ ಅವನು ಬಿಡಿಸಿದ ಚಿತ್ರಗಳು 25,000ಕ್ಕೂ ಹೆಚ್ಚು. ದಿನಕ್ಕೆ ಹತ್ತರ ಲೆಕ್ಕ. ಹೆಸರು ಎಡ್ಮಂಡ್ ಥಾಮಸ್ ಕ್ಲಿಂಟ್. ತಂದೆ ಎಂ.ಟಿ. ಜೋಸೆಫ್ ಅವರಿಗೆ ಹಾಲಿವುಡ್ ನಟ ಕ್ಲಿಂಟ್ ಈಸ್ಟ್‌ವುಡ್ ಮೇಲಿದ್ದ ಅಭಿಮಾನವೇ ಮಗನ ಹೆಸರಾಯಿತು.

ಐದರ ವಯಸ್ಸಿನಲ್ಲಿ ಕ್ಲಿಂಟ್ ಹದಿನೆಂಟರೊಳಗಿನವರ ಚಿತ್ರಕಲಾ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆದ. 2017ರಲ್ಲಿ ಹರಿಕುಮಾರ್ ಅವನ ಬದುಕನ್ನು ಮಲಯಾಳಂ ಸಿನಿಮಾ ಮಾಡಿದರು. ಕೇರಳದವರು ಇವತ್ತಿಗೂ ಅವನನ್ನು ಪವಾಡದ ಹುಡುಗನೆಂದೇ ನೆನೆಯುತ್ತಾರೆ. ನಾವು ಗಮನಿಸಬೇಕಾದ್ದು ಆ ಪವಾಡದ ಪಕ್ಕದಲ್ಲಿ ನಿಂತಿದ್ದ ಇಬ್ಬರನ್ನು. ಜೋಸೆಫ್ ಮತ್ತು ಚಿನ್ನಮ್ಮ ದಂಪತಿ ಮಗನಿಗೆ ಮಾಡಿಕೊಟ್ಟದ್ದು ಬಹಳ ಸರಳವಾದ ಏರ್ಪಾಟು: ಬೇಕೆನಿಸಿದಾಗ ಕೈಗೆ ಸಿಗುವ ಸೀಮೆಸುಣ್ಣ, ಬಣ್ಣ, ಕಾಗದ, ಕೇಳಿದಷ್ಟು ಹೊತ್ತು ಕತೆ. ನೆಲದ ಮೇಲೆ ಗೆರೆ ಎಳೆದ ಮಗುವಿನ ಕೈಯಿಂದ ಅವರು ಸುಣ್ಣದ ಕಡ್ಡಿ ಕಿತ್ತುಕೊಳ್ಳಲಿಲ್ಲ.

ಮನೆಯಲ್ಲಿ ಇಷ್ಟು ಸಾಕು. ಶಾಲೆಯಲ್ಲಿ ಸಾಲದು. ಅಲ್ಲಿ ನಮ್ಮ ಮಗುವಿನ ಜೊತೆ ಇನ್ನೂ ಮೂವತ್ತು ಮಕ್ಕಳಿರುತ್ತವೆ, ಮುಗಿಸಬೇಕಾದ ಪಾಠವಿರುತ್ತದೆ, ಒಬ್ಬರೇ ಟೀಚರ್ ಇರುತ್ತಾರೆ. ಅವರ ಬಳಿ ಹೋಗಿ, ‘ನನ್ನ ಮಗುವಿಗೆ ಇದು ಈಗಾಗಲೇ ಗೊತ್ತು, ಮುಂದಿನದು ಬೇಕು’ ಎಂದು ಹೇಳುವುದು ತಂದೆತಾಯಿಗೆ ನಿಜವಾಗಿಯೂ ಕಷ್ಟದ ಕೆಲಸ. ಯಾಕೆಂದರೆ ಹೇಳಿದ ಕೂಡಲೇ ಎದುರಿನವರಿಗೆ ನೆನಪಾಗುವುದು ಒಂದೇ ಗಾದೆ: ಹೆತ್ತವರಿಗೆ ಹೆಗ್ಗಣ ಮುದ್ದು.

ಚುರುಕು, ಆದರೆ ಕೂರುವುದಿಲ್ಲ

ಇಂಥ ಮಕ್ಕಳು ತರಗತಿಯಲ್ಲಿ ಹೊಳೆಯುತ್ತಾರೆ ಎಂದುಕೊಂಡಿದ್ದರೆ ತಪ್ಪು. ಆರು ವರ್ಷದ ಮಗು ಮನೆಯಲ್ಲಿ ದಿನಪತ್ರಿಕೆ ಓದುತ್ತಿರುತ್ತದೆ. ಶಾಲೆಯಲ್ಲಿ ಎರಡು ತಿಂಗಳು ಅದೇ ಅಕ್ಷರ ತಿದ್ದಬೇಕು. ಮೊದಲ ವಾರ ಉತ್ಸಾಹದಿಂದ ಉತ್ತರ ಹೇಳುತ್ತದೆ. ಎರಡನೆಯ ವಾರ ‘ಬೇರೆಯವರೂ ಹೇಳಲಿ’ ಎಂಬ ಮಾತು ಬರುತ್ತದೆ. ಮೂರನೆಯ ವಾರ ಕಿಟಕಿ ನೋಡಲು ಶುರು. ಆಮೇಲೆ ಪಕ್ಕದವರ ಪೆನ್ಸಿಲ್ ಎಳೆಯುವುದು, ನೀರು ಕುಡಿಯಲು ಹತ್ತು ಸಲ ಎದ್ದು ಹೋಗುವುದು, ಬೆಳಿಗ್ಗೆ ಹೊಟ್ಟೆನೋವು. ಪ್ರಗತಿಪತ್ರದಲ್ಲಿ ‘ಚುರುಕು, ಆದರೆ ಕೂರುವುದಿಲ್ಲ’ ಎಂಬ ಷರಾ.

ಇನ್ನೊಂದು ತೊಡಕೂ ಇದೆ. ಈ ಮಕ್ಕಳು ಎಲ್ಲದರಲ್ಲೂ ಒಂದೇ ಸಮನೆ ಬೆಳೆದಿರುವುದಿಲ್ಲ. ಓದಿನಲ್ಲಿ ಹತ್ತು ವರ್ಷ, ಬರೆಯುವ ಬೆರಳಿಗೆ ಆರು, ಸೋತಾಗ ಅಳುವುದರಲ್ಲಿ ನಾಲ್ಕು. ತಲೆಯಲ್ಲಿ ಮೂರಂಕಿಯ ಗುಣಾಕಾರ ಮಾಡುವ ಹುಡುಗನಿಗೆ ಶೂ ಲೇಸ್ ಕಟ್ಟಲು ಬಾರದಿರಬಹುದು. ಟೀಚರ್ ಕಣ್ಣಿಗೆ ಬೀಳುವುದು ಬಿಚ್ಚಿದ ಲೇಸು, ಗೀಚು ಅಕ್ಷರ. ತಾಯಿ ಕಾಣುವುದು ಗುಣಾಕಾರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಮಗುವಿನ ಎರಡು ಬದಿಗಳನ್ನು ಹೇಳುತ್ತಿದ್ದಾರೆ, ಅಷ್ಟೆ.

ಫೋರ್ಟ್ ಕೊಚ್ಚಿಯಂಥ ಊರಿನಲ್ಲಿ ಇದರ ಮೇಲೆ ಭಾಷೆಯ ತೆರೆಯೊಂದು ಬೀಳುತ್ತದೆ. ಮಟ್ಟಾಂಚೇರಿಯಿಂದ ಕಡಲತಡಿಯವರೆಗೆ ನಡೆದರೆ ಮಲಯಾಳಂ ಜೊತೆಗೆ ಕೊಂಕಣಿ, ಗುಜರಾತಿ, ತಮಿಳು, ಉರ್ದು ಕಿವಿಗೆ ಬೀಳುವ ಜಾಗ ಅದು. ಅಂಥಲ್ಲಿಗೆ ಬ್ಯಾಂಕು, ಬಂದರು, ನೌಕಾಪಡೆ ಎಂದು ವರ್ಗವಾಗಿ ಬಂದ ಕನ್ನಡ ಮನೆಯ ಮಗು ಒಂದನೆಯ ತರಗತಿಗೆ ಸೇರಿತು ಎನ್ನಿ. ಕನ್ನಡದಲ್ಲಿ ಕತೆ ಕಟ್ಟುವ ಹುಡುಗಿ ಮಲಯಾಳಂ ತರಗತಿಯಲ್ಲಿ ಮೂಕಿ. ಟೀಚರ್ ‘ಸ್ವಲ್ಪ ನಿಧಾನ’ ಎಂದು ಬರೆದುಕೊಂಡರೆ ತಪ್ಪು ಅವರದಲ್ಲ. ಅವರಿಗೆ ಕಾಣುವ ಕಿಟಕಿಯೇ ಮುಚ್ಚಿದೆ. ಮನೆಯ ಭಾಷೆಯಲ್ಲಿ ಮಗು ಏನು ಮಾಡಬಲ್ಲದು ಎಂದು ತೋರಿಸಬೇಕಾದವರು ತಂದೆತಾಯಿಯೇ.

ಮೊದಲು ಒಂದು ಪುಸ್ತಕ

ಟೀಚರ್ ಬಳಿ ಹೋಗುವ ಮುನ್ನ ಎರಡು ಮೂರು ವಾರ ಒಂದು ಸಣ್ಣ ನೋಟ್‌ಬುಕ್ ಇಡಿ. ಅದರಲ್ಲಿ ವಿಶೇಷಣಗಳು ಬೇಡ. ‘ಬುದ್ಧಿವಂತೆ’, ‘ಅಸಾಮಾನ್ಯ’, ‘ಎಲ್ಲರೂ ಹೇಳ್ತಾರೆ’ ಇಂಥವು ಯಾವುವೂ ಬೇಡ. ತಾರೀಖು, ಮಗು ಮಾಡಿದ್ದು, ಕೇಳಿದ್ದು, ಎಷ್ಟು ಹೊತ್ತು ಕೂತಿದ್ದು, ಎಲ್ಲಿ ಅತ್ತಿದ್ದು. ಓದಿದ ಪುಸ್ತಕದ ಹೆಸರು. ತಾನೇ ಕಟ್ಟಿದ ಒಂದು ಲೆಕ್ಕ. ಅದರ ಜೊತೆಗೆ, ಮಗುವಿಗೆ ಬಾರದ್ದೂ ಎರಡು ಸಾಲು.

ಕೇರಳದ ಒಂದನೆಯ ತರಗತಿಯ ಟೀಚರುಗಳಿಗೆ ಇದು ಹೊಸದೂ ಅಲ್ಲ. ಕೆಲವು ವರ್ಷಗಳಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ‘ಸಂಯುಕ್ತ ಡೈರಿ’ ಎಂಬ ರೂಢಿ ಇದೆ. ಮಗು ಮತ್ತು ಮನೆಯ ದೊಡ್ಡವರು ಸೇರಿ ದಿನದ ಸಂಗತಿಯನ್ನು ಬರೆಯುವ ಪುಸ್ತಕವದು. ಮಗುವಿಗೆ ಬಾರದ ಪದವನ್ನು ಅಮ್ಮ ಬೇರೆ ಬಣ್ಣದಲ್ಲಿ ಬರೆದುಕೊಡುತ್ತಾಳೆ. ಮುಂದೆ ಓಡುವ ಮಗುವಿನ ಕೈಯಲ್ಲಿ ಆ ಡೈರಿಯೇ ಸಾಕ್ಷಿಯಾಗುತ್ತದೆ. ಅಮ್ಮನ ಬಣ್ಣ ಎಷ್ಟು ಬೇಗ ಕಾಣೆಯಾಯಿತು ಎಂದು ಪುಟ ತಿರುವಿದರೆ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಏನಿರಬಹುದು ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಫೋರ್ಟ್ ಕೊಚ್ಚಿಯ ದಡದಲ್ಲಿ ಚೀನೀ ಬಲೆಗಳಿವೆ. ಉದ್ದನೆಯ ಮರದ ತೊಲೆಗಳ ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ಕಟ್ಟಿದ ದಪ್ಪ ದಪ್ಪ ಕಲ್ಲು. ನಾಲ್ಕಾರು ಜನ ಹಗ್ಗ ಜಗ್ಗಿದರೆ ಬಲೆ ಮೇಲೇಳುತ್ತದೆ. ನೋಡಿದ ಮಕ್ಕಳೆಲ್ಲ ‘ಮೀನು ಎಷ್ಟು ಸಿಕ್ಕಿತು?’ ಎನ್ನುತ್ತವೆ. ಒಂದು ಮಗು ಮಾತ್ರ, ‘ಕಲ್ಲುಗಳ ಹಗ್ಗ ಯಾಕೆ ಒಂದೇ ಉದ್ದ ಇಲ್ಲ?’ ಎಂದು ಕೇಳುತ್ತದೆ. ಬಲೆ ಏರುತ್ತಾ ಹೋದಂತೆ ಕಲ್ಲುಗಳು ಒಂದೊಂದಾಗಿ ಕೆಳಗೆ ಕೂತು ತೂಕ ಸರಿದೂಗಿಸುತ್ತವೆ, ಅದಕ್ಕೇ ಹಗ್ಗದ ಅಳತೆ ಬೇರೆ ಬೇರೆ. ಈ ಮಗು ಮನೆಗೆ ಬಂದು ಸ್ಕೇಲು, ದಾರ, ಹುಣಸೆಬೀಜ ಹುಡುಕಿ ಮುಕ್ಕಾಲು ಗಂಟೆ ಕೂತರೆ, ಅದನ್ನು ಬರೆದುಕೊಳ್ಳಿ. ‘ಮಗಳು ಭಾರೀ ಜಾಣೆ’ ಎಂಬ ನೂರು ಮಾತಿಗಿಂತ ಆ ಒಂದು ಪುಟಕ್ಕೆ ಬೆಲೆ ಹೆಚ್ಚು.

ಆಡಬೇಕಾದ ಮಾತು

ಪಿಟಿಎ ಸಭೆಯ ದಿನ ಈ ಮಾತು ಎತ್ತಬೇಡಿ. ಅವತ್ತು ಟೀಚರ್ ಸುತ್ತ ಹತ್ತು ಜನ ಪೋಷಕರಿರುತ್ತಾರೆ. ನಿಮ್ಮ ಮಗುವಿನ ಹೆಚ್ಚುಗಾರಿಕೆ ಉಳಿದವರ ಕಿವಿಗೆ ಚುಚ್ಚುತ್ತದೆ. ಬೇರೆ ದಿನ, ಶಾಲೆ ಬಿಟ್ಟ ಮೇಲೆ, ಮೊದಲೇ ಕೇಳಿಕೊಂಡು ಹೋಗಿ. ಮಾತು ಹೀಗೆ ಶುರುವಾಗಬಹುದು:

‘ಟೀಚರ್, ಹದಿನೈದು ನಿಮಿಷ ಬಿಡುವಿದೆಯಾ? ಮಗಳು ತರಗತಿಯಲ್ಲಿ ಹೇಗಿರ್ತಾಳೆ ಅಂತ ನಿಮ್ಮಿಂದ ಕೇಳೋಣ ಅಂತ ಬಂದೆ.’

‘ಮೋಳ್ (ಮಗಳು) ಒಳ್ಳೆಯವಳೇ. ಆದರೆ ಕೆಲಸ ಬೇಗ ಮುಗಿಸಿ ಪಕ್ಕದವರ ಜೊತೆ ಮಾತಿಗಿಳೀತಾಳೆ. ಅಕ್ಷರ ಚೆನ್ನಾಗಿಲ್ಲ.’

‘ಹೌದು ಟೀಚರ್, ಅಕ್ಷರ ಮನೆಯಲ್ಲೂ ಹಾಗೇ. ಅದನ್ನ ನಾವು ನೋಡ್ಕೋತೀವಿ. ಬೇಗ ಮುಗಿದ ಮೇಲೆ ಉಳಿಯೋ ಆ ಹತ್ತು ನಿಮಿಷದ ಬಗ್ಗೆ ನಿಮ್ಮ ಸಲಹೆ ಬೇಕಿತ್ತು. ಇದು ಅವಳು ಮನೆಯಲ್ಲಿ ಮಾಡಿದ್ದು, ಒಮ್ಮೆ ನೋಡ್ತೀರಾ?’

ಇಲ್ಲಿ ನಡೆದದ್ದೇನು? ತಾಯಿ ಮೊದಲು ಕೇಳಿದಳು, ಆಮೇಲೆ ಹೇಳಿದಳು. ಟೀಚರ್ ಹೇಳಿದ ಕುಂದನ್ನು ಒಪ್ಪಿದಳು. ‘ನಿಮ್ಮ ಪಾಠ ಅವಳಿಗೆ ಬೇಜಾರು’ ಎನ್ನಲಿಲ್ಲ. ಬೇಜಾರು ಎಂಬ ಒಂದು ಪದ ಸಾಕು, ಎದುರಿಗಿರುವವರು ಬಾಗಿಲು ಹಾಕಿಕೊಳ್ಳಲು. ಅದು ಅವರ ಕಸುಬಿನ ಮೇಲಿನ ದೂರಾಗಿ ಕೇಳಿಸುತ್ತದೆ. ಕೊನೆಗೆ ಅವಳು ಕೇಳಿದ್ದು ಹತ್ತು ನಿಮಿಷದ ಮಾತು. ದೊಡ್ಡ ಬೇಡಿಕೆಗೆ ‘ಮ್ಯಾನೇಜ್‌ಮೆಂಟ್ ಕೇಳಬೇಕು’ ಎಂಬ ಉತ್ತರ ಸಿಗುತ್ತದೆ. ಹತ್ತು ನಿಮಿಷ ಟೀಚರ್ ಕೈಯಲ್ಲೇ ಇರುತ್ತದೆ.

ಕೇಳಬಹುದಾದ್ದು, ಕೇಳಬಾರದ್ದು

ಬೇಗ ಮುಗಿಸಿದ ಮಗುವಿಗೆ ಇನ್ನೂ ಇಪ್ಪತ್ತು ಅದೇ ಲೆಕ್ಕ ಕೊಡುವುದು ನಮ್ಮ ಶಾಲೆಗಳ ಹಳೆಯ ಔಷಧ. ಮಗುವಿಗೆ ಇದರಿಂದ ತಿಳಿಯುವುದು ಒಂದೇ: ನಿಧಾನ ಮಾಡಿದರೆ ಲಾಭ. ಯಾವಾಗಲೂ ಹಿಂದುಳಿದವರಿಗೆ ಹೇಳಿಕೊಡಲು ಕೂರಿಸುವುದು ಇನ್ನೊಂದು ಔಷಧ. ಅಪರೂಪಕ್ಕೆ ಒಳ್ಳೆಯದು, ದಿನವೂ ಅದೇ ಆದರೆ ಆ ಮಗುವಿನ ಕಲಿಕೆಯ ಹೊತ್ತನ್ನು ನಾವು ಸಾಲ ಪಡೆದು ತೀರಿಸದೆ ಬಿಟ್ಟಂತೆ ಆಗುತ್ತದೆ.

ಬೇರೆ ದಾರಿಗಳಿವೆ. ಪಾಠ ಶುರುವಾಗುವ ಮೊದಲೇ ಪಾಠದ ಕೊನೆಯ ಕಠಿಣವಾದ ನಾಲ್ಕೈದು ಲೆಕ್ಕ ಕೊಟ್ಟು ನೋಡುವುದು. ಬಂದರೆ, ಆ ಪಾಠದ ಅಭ್ಯಾಸ ಬಿಟ್ಟು ಅದೇ ವಿಷಯದ ಆಳಕ್ಕಿಳಿಯುವ ಕೆಲಸ ಕೊಡುವುದು. ಅಮೆರಿಕದಲ್ಲಿ ಜೋಸೆಫ್ ರೆಂಜುಲಿ ಮತ್ತು ಸ್ಯಾಲಿ ರೀಸ್ ಈ ಕ್ರಮವನ್ನು ಬೆಳೆಸಿದವರು. 1993ರಲ್ಲಿ ಪ್ರಕಟವಾದ ರೀಸ್ ತಂಡದ ಅಧ್ಯಯನದಲ್ಲಿ, ಆಯ್ದ ಮಕ್ಕಳಿಗೆ ಪಠ್ಯದ ಶೇ 40ರಿಂದ 50ರಷ್ಟನ್ನು ಟೀಚರುಗಳು ಕೈಬಿಟ್ಟರೂ ಪರೀಕ್ಷೆಯ ಅಂಕ ಇಳಿಯಲಿಲ್ಲ. ಅಂದರೆ ಆ ಪಾಠಗಳ ಹೊತ್ತಿನಲ್ಲಿ ಅರ್ಧದಷ್ಟು, ಈ ಮಕ್ಕಳಿಗೆ ಗೊತ್ತಿದ್ದದ್ದನ್ನೇ ಮತ್ತೆ ಮಾಡುವುದರಲ್ಲಿ ಹೋಗುತ್ತಿತ್ತು.

ಒಂದೇ ವಿಷಯಕ್ಕೆ ಮೇಲಿನ ತರಗತಿಯಲ್ಲಿ ಕೂರಿಸುವುದು ಮತ್ತೊಂದು ದಾರಿ. ಗಣಿತಜ್ಞ ಟೆರೆನ್ಸ್ ಟಾವೊ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬೆಳೆದವರು. ಮೂರೂವರೆ ವರ್ಷಕ್ಕೆ ಮಗನನ್ನು ಶಾಲೆಗೆ ಸೇರಿಸಿದ ತಂದೆತಾಯಿ, ಅವನು ಇನ್ನೂ ಸಿದ್ಧನಿಲ್ಲ ಎಂದು ಕೆಲವೇ ವಾರಗಳಲ್ಲಿ ವಾಪಸು ಕರೆತಂದರು. ಐದರಲ್ಲಿ ಮತ್ತೆ ಸೇರಿಸುವಾಗ ಅವರು ಹುಡುಕಿದ್ದು ಮಾತಿಗೆ ಬಗ್ಗುವ ಮುಖ್ಯೋಪಾಧ್ಯಾಯರನ್ನು. ಗಣಿತಕ್ಕೆ ದೊಡ್ಡ ಮಕ್ಕಳ ತರಗತಿ, ಉಳಿದದ್ದಕ್ಕೆ ಬೇರೆ ತರಗತಿ ಎಂಬ ಏರ್ಪಾಟಾಯಿತು. ಎಂಟು ತುಂಬುವ ಹೊತ್ತಿಗೆ ಹುಡುಗ ದಿನದ ಸ್ವಲ್ಪ ಹೊತ್ತು ಹೈಸ್ಕೂಲಿನಲ್ಲಿ ಗಣಿತ ಕಲಿಯುತ್ತಿದ್ದ. 2006ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ಪದಕಕ್ಕಿಂತ ನಮಗೆ ಬೇಕಾದ್ದು ಆ ವಾಪಸು ಕರೆತಂದ ಸಂಗತಿ. ಮಗುವಿನ ಪರ ನಿಲ್ಲುವುದೆಂದರೆ ಸದಾ ‘ಇನ್ನೂ ಮುಂದಕ್ಕೆ’ ಎನ್ನುವುದಲ್ಲ. ಒಮ್ಮೊಮ್ಮೆ ‘ಈಗ ಬೇಡ’ ಎನ್ನುವುದೂ ಹೌದು.

ಪೂರ್ತಿ ತರಗತಿ ಹಾರಿಸುವುದು ನಮ್ಮಲ್ಲಿ ಅಪರೂಪ. ಶಿಕ್ಷಣ ಹಕ್ಕು ಕಾಯ್ದೆಯ ಒಲವು ವಯಸ್ಸಿಗೆ ತಕ್ಕ ತರಗತಿಯ ಕಡೆಗಿದೆ. ಆರರ ಮಗುವಿನ ಮಟ್ಟಿಗೆ ಅದನ್ನು ಮೊದಲ ಬೇಡಿಕೆಯಾಗಿ ಇಡದಿರುವುದೇ ಒಳ್ಳೆಯದು.

ಏಣಿ ನಮ್ಮ ಬಳಿಯೇ ಇದೆ

ಇದೆಲ್ಲ ವಿದೇಶದ ಮಾತು ಎನ್ನುವವರು ಕರ್ನಾಟಕದ ‘ನಲಿ-ಕಲಿ’ಯನ್ನು ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು ಕಟ್ಟಿದ ಕ್ರಮವದು. ಪಾಠಕ್ಕೆ ಬದಲು ಕಲಿಕಾ ಏಣಿ. ಏಣಿಯ ಮೆಟ್ಟಿಲಿಗೊಂದು ಕಾರ್ಡು, ಕಾರ್ಡಿಗೊಂದು ಚಿತ್ರದ ಗುರುತು. ಕೆಲವು ಮೆಟ್ಟಿಲಿಗೊಂದು ಮೈಲಿಗಲ್ಲು. ಮೇಡಂ ನೆರವು ಬೇಕಾದವರು ಒಂದು ಕಡೆ, ಗೆಳೆಯರ ನೆರವಿನಿಂದ ಕಲಿಯುವವರು ಒಂದು ಕಡೆ, ತಾವಾಗಿ ಕಲಿಯುವವರು ಮತ್ತೊಂದು ಕಡೆ ಕೂರುತ್ತಾರೆ. ಮೆಟ್ಟಿಲು ಹತ್ತಿದ ಮಗು ಮುಂದಿನ ಕಾರ್ಡು ಎತ್ತಿಕೊಳ್ಳಬಹುದು. ರಜೆ ಹಾಕಿದ ಮಗು ಬಿಟ್ಟಲ್ಲಿಂದಲೇ ಹತ್ತಬಹುದು.

ಇದನ್ನು ರೂಪಿಸಿದ್ದು ಹಿಂದೆ ಬೀಳುವ ಮಕ್ಕಳನ್ನು ಕೈಬಿಡಬಾರದೆಂದು. ಆದರೆ ಮುಂದೆ ಓಡುವ ಮಗುವಿಗೂ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕಿಲ್ಲ. ತನ್ನ ವೇಗದಲ್ಲಿ ಕಲಿಯುವ ಹಕ್ಕು ನಿಧಾನದವರಿಗೂ ಒಂದೇ, ಚುರುಕಿನವರಿಗೂ ಒಂದೇ. ಟೀಚರ್ ಬಳಿ ಹೋದಾಗ ಈ ಮಾತು ಹೇಳಿದರೆ, ‘ಜಾಣರಿಗೆ ವಿಶೇಷ ಸೌಲಭ್ಯ ಬೇಕೇ?’ ಎಂಬ ಮುಜುಗರ ಅರ್ಧ ಕರಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಂ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅದಕ್ಕೆ ತಕ್ಕಂತೆ ಬೇಕಾದ ಹೆಚ್ಚುವರಿ ಬೋಧನೆ ಕೊಡಬೇಕು, ಪೋಷಕರನ್ನು ಆಗಾಗ ಕಂಡು ಮಗುವಿನ ಪ್ರಗತಿ ತಿಳಿಸಬೇಕು. ಹೆಚ್ಚುವರಿ ಬೋಧನೆ ಎಂಬುದು ಹಿಂದುಳಿದವರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. 29ನೆಯ ಕಲಂ, ಪಠ್ಯಕ್ರಮ ಮಗುವಿನ ಜ್ಞಾನ, ಸಾಮರ್ಥ್ಯ ಮತ್ತು ಪ್ರತಿಭೆಯನ್ನು ಬೆಳೆಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆಯೇ ಪ್ರತ್ಯೇಕ ಭಾಗವಿದೆ. ಶಾಲೆಗಳಲ್ಲಿ ಗಣಿತ ವಲಯ, ವಿಜ್ಞಾನ ವಲಯ, ಕಾವ್ಯ ವಲಯ, ಚದುರಂಗ ವಲಯ ಇರಬೇಕು, ಬಿ.ಇಡಿ. ಓದುವವರಿಗೆ ಈ ವಿಷಯದಲ್ಲಿ ಪರಿಣತಿಯ ಅವಕಾಶ ಸಿಗಬಹುದು ಎಂದು ಅದು ಹೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 2010ರಲ್ಲಿ, ಪ್ರೊ. ಅನಿತಾ ಕುರುಪ್ ಮುಂದಾಳತ್ವದಲ್ಲಿ, ಭಾರತದ ತರಗತಿಗಳಲ್ಲಿ ಇಂಥ ಮಕ್ಕಳನ್ನು ಗುರುತಿಸುವ ಕೆಲಸ ಕೈಗೆತ್ತಿಕೊಂಡಿತು.

ಕೇರಳದಲ್ಲಿ ಎಲ್‌ಎಸ್‌ಎಸ್, ಯುಎಸ್‌ಎಸ್ ಎಂದು ಹೆಸರಾದ ವಿದ್ಯಾರ್ಥಿವೇತನ ಪರೀಕ್ಷೆಗಳೂ ಇವೆ. ಒಂದು ನಾಲ್ಕನೆಯ ತರಗತಿಗೆ, ಇನ್ನೊಂದು ಏಳಕ್ಕೆ. ಏಳರ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಮುಂದೆ ವಿಶೇಷ ತರಬೇತಿ ಸಿಗುತ್ತದೆ. ಒಳ್ಳೆಯದೇ. ಆದರೆ ನಾಲ್ಕನೆಯ ತರಗತಿ ಬರುವಷ್ಟರಲ್ಲಿ ಆರರ ಮಗು ಕಿಟಕಿ ನೋಡುತ್ತ ಮೂರು ವರ್ಷ ಕಳೆದಿರುತ್ತದೆ. ಆ ಮೂರು ವರ್ಷವನ್ನು ಕಾಪಾಡುವುದು ಯಾವ ಪರೀಕ್ಷೆಯಿಂದಲೂ ಆಗದು. ಅದು ಒಬ್ಬ ಟೀಚರ್, ಒಬ್ಬ ಪೋಷಕರ ನಡುವಿನ ಮಾತಿನಿಂದಲೇ ಆಗಬೇಕು.

ಎರಡು ನೆನಪು

1904ರಲ್ಲಿ ಕುಂಭಕೋಣದ ಟೌನ್ ಹೈಸ್ಕೂಲಿನ ಬಹುಮಾನ ಸಮಾರಂಭ. ಗಣಿತದ ಬಹುಮಾನಕ್ಕೆ ಹುಡುಗನೊಬ್ಬನನ್ನು ಕರೆದ ಹೆಡ್‌ಮಾಸ್ಟರ್ ಕೃಷ್ಣಸ್ವಾಮಿ ಅಯ್ಯರ್, ಇವನಿಗೆ ಪೂರ್ತಿ ಅಂಕ ಕೊಟ್ಟರೂ ಕಡಿಮೆಯೇ ಎಂಬರ್ಥದ ಮಾತಾಡಿದರು. ಹುಡುಗ ಶ್ರೀನಿವಾಸ ರಾಮಾನುಜನ್. ಅವನನ್ನು ಕಂಡ ಶಾಲೆ ಅದು. ಮುಂದೆ ಕಾಲೇಜಿಗೆ ಹೋದಾಗ ಹಾಗೆ ಕಾಣುವವರಿರಲಿಲ್ಲ. ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಫೇಲಾಗಿ ವಿದ್ಯಾರ್ಥಿವೇತನವೇ ಕೈತಪ್ಪಿತು.

ಇನ್ನೊಬ್ಬರು ನಮ್ಮ ಬೆಂಗಳೂರಿನವರೇ, 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ. ಸರ್ಕಸ್ಸಿನಲ್ಲಿದ್ದ ತಂದೆ, ಇಸ್ಪೀಟು ಆಟದಲ್ಲಿ ಮಗಳ ನೆನಪಿನ ಶಕ್ತಿ ಕಂಡು ಪ್ರದರ್ಶನಕ್ಕೆ ಕರೆದೊಯ್ದರು. ಆರರ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡಿ ತೋರಿಸಿದ ಆಕೆ, 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಜಗತ್ತು ಚಪ್ಪಾಳೆ ತಟ್ಟಿತು. ಕ್ರಮವಾದ ಶಾಲಾ ಓದು ಮಾತ್ರ ಆಕೆಗೆ ಸಿಗಲಿಲ್ಲ. ಇಂದು ಮೊಬೈಲ್ ಎದುರು ಮಗುವನ್ನು ನಿಲ್ಲಿಸಿ ರಾಜಧಾನಿಗಳ ಹೆಸರು ಹೇಳಿಸಿ ವಿಡಿಯೊ ಹಾಕುವ ಮನೆಗಳು ಇದನ್ನೊಮ್ಮೆ ಯೋಚಿಸಬೇಕು. ವೇದಿಕೆ ಸಿಕ್ಕಿತೆಂದರೆ ಕಲಿಕೆ ಸಿಕ್ಕಿತೆಂದಲ್ಲ.

ಟೀಚರ್ ‘ಆಗಲ್ಲ’ ಎಂದರೆ

ಎನ್ನಬಹುದು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೊಬ್ಬರು ಶಿಕ್ಷಕರು ಎನ್ನುತ್ತದೆ. ಮೂವತ್ತರಲ್ಲಿ ಓದಲು ಒದ್ದಾಡುವವರು, ತಿಂಡಿ ತಿನ್ನದೆ ಬಂದವರು ಇದ್ದೇ ಇರುತ್ತಾರೆ. ಟೀಚರ್ ಅವರ ಕಡೆಗೆ ಮೊದಲು ಹೋಗುವುದು ನ್ಯಾಯವೇ. ಹಾಗಾಗಿ ಕೇಳುವಾಗಲೇ ಕೊಡುವುದನ್ನೂ ಸಿದ್ಧ ಮಾಡಿಕೊಂಡು ಹೋಗಿ. ತರಗತಿಯ ಮೂಲೆಗೆ ಹತ್ತು ಪುಸ್ತಕ, ಒಗಟಿನ ಕಾರ್ಡುಗಳ ಒಂದು ಡಬ್ಬಿ. ಬೇಗ ಮುಗಿಸಿದವರು ಯಾರಾದರೂ ಎತ್ತಿಕೊಳ್ಳಲಿ, ನಿಮ್ಮ ಮಗು ಮಾತ್ರವಲ್ಲ. ಅಂಥ ಡಬ್ಬಿಯಿಂದ ನಿಮ್ಮ ಮಗುವಿನಷ್ಟೇ ಹಸಿದ ಇನ್ನೊಂದು ಮಗು ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ಅದರ ಪರ ಮಾತಾಡುವವರು ಮನೆಯಲ್ಲಿ ಯಾರೂ ಇಲ್ಲದಿರಬಹುದು.

ತಿಂಗಳು ಬಿಟ್ಟು ಮತ್ತೆ ಹೋಗಿ. ಏನಾಯಿತೆಂದು ಕೇಳಿ, ಆದದ್ದಕ್ಕೆ ಕೃತಜ್ಞತೆ ಹೇಳಿ. ಆಗದಿದ್ದರೆ ಮುಖ್ಯೋಪಾಧ್ಯಾಯರನ್ನು ಕಾಣಿ, ಟೀಚರ್‌ಗೆ ತಿಳಿಸಿಯೇ ಕಾಣಿ. ಮಗುವಿನ ಎದುರು ಟೀಚರನ್ನು ಎಂದೂ ಹಗುರವಾಗಿ ಆಡಬೇಡಿ. ಶಾಲೆಯ ಹೊರಗೂ ಕೊಂಚ ಕೈಚಾಚಿ: ಊರ ಗ್ರಂಥಾಲಯ, ಚೆಸ್ ಆಡುವ ನೆರೆಯ ತಾತ, ಫೋರ್ಟ್ ಕೊಚ್ಚಿಯಲ್ಲಿದ್ದರೆ 2012ರಲ್ಲಿ ಶುರುವಾದ ಬಿನಾಲೆ ನಡೆಸುವ ಮಕ್ಕಳ ಕಲಾ ಶಿಬಿರ.

ನಮ್ಮ ಕನ್ನಡದ ಮನೆಗಳಲ್ಲಿ ಟೀಚರ್ ಎದುರು ಬಾಯಿ ಬಿಡುವುದು ಅವಿನಯ ಎಂಬ ಭಾವನೆ ಇನ್ನೂ ಇದೆ. ಹಸಿದ ಮಗುವಿಗೆ ಇನ್ನೊಂದು ತುತ್ತು ಕೇಳುವುದು ಅವಿನಯವಲ್ಲ, ಅದು ಹೊಗಳಿಕೊಳ್ಳುವುದೂ ಅಲ್ಲ. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಇವತ್ತೇ ಒಂದು ನೋಟ್‌ಬುಕ್ ತನ್ನಿ. ಮೂರು ವಾರ ಬರೆಯಿರಿ. ಆಮೇಲೆ ಟೀಚರ್ ಬಳಿ ಹದಿನೈದು ನಿಮಿಷ ಕೇಳಿ. ಮೊದಲ ಐದು ನಿಮಿಷ ಅವರ ಮಾತು ಕೇಳಿಸಿಕೊಳ್ಳಿ.